ಪೇಪರ್‌ನಲ್ಲಿ ಯಾರ ಹೆಸರು, ಎಷ್ಟನೇ ಹೆಸರು?

ಮಲೆನಾಡ_ಮಳೆ
ಎಲ್ಲರಿಗೂ ನಮಸ್ಕಾರ. ಸಸ್ಯರೋಗ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಭತ್ತದ ಬೆಂಕಿರೋಗದ ಶಿಲೀಂಧ್ರದ ಮೇಲೆ ನನ್ನ ಮೊದಲ ಪೇಪರ್ ಜರ್ನಲ್‌ಗೆ ಕಳಿಸೋ ಹಂತಕ್ಕೆ ಬಂದಿದೆ. ಐಡಿಯಾ ಗೈಡ್‌ದು. ಬರೆದಿದ್ದು ನಾನು. ಗದ್ದೆಗಳಿಗೆ ಇಳಿದು ರೋಗ ಬಿದ್ದ ಎಲೆ ಕಿತ್ತು ತಂದು, ಅರ್ಧದಷ್ಟು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿದ್ದು ನಮ್ಮ ಪ್ರಾಜೆಕ್ಟ್ ಅಸಿಸ್ಟೆಂಟ್ ಹುಡುಗ.

ನಿನ್ನೆ ಗೈಡ್ ಕಳಿಸಿದ ಹೆಸರುಗಳ ಪಟ್ಟಿ: ನಾನು, ಬೇರೆ ಕಾಲೇಜಿನಲ್ಲಿರೋ ಅವರ ಸ್ನೇಹಿತರು, ನಮ್ಮ ಎಚ್‌ಓಡಿ, ಕೊನೆಯಲ್ಲಿ ಗೈಡ್. ಅಸಿಸ್ಟೆಂಟ್ ಹೆಸರು ಕೆಳಗೆ ಕೃತಜ್ಞತೆಯ ಸಾಲಿನಲ್ಲಿ, ಅದೂ ಕಚೇರಿ ಸಿಬ್ಬಂದಿಯ ಜೊತೆಗೆ. ಆ ಸ್ನೇಹಿತರನ್ನ ನಾನು ನೋಡೇ ಇಲ್ಲ. ಎಚ್‌ಓಡಿ ಸಹಿ ಹಾಕಿದ್ದಾರೆ, ಅದು ಸತ್ಯ. ಇದು ಎಲ್ಲ ಕಡೆ ಹೀಗೇನಾ? ಸುಮ್ಮನಿರಬೇಕಾ, ಕೇಳಬಹುದಾ?

ಧಾರವಾಡ_ಪೇಡೆ
ತಂಗಿ, ಆ ಸ್ನೇಹಿತರ ಹೋದ ವರ್ಷದ ಪೇಪರ್ ತೆಗೆದು ನೋಡ್ರಿ, ನಿಮ್ಮ ಗೈಡ್ ಹೆಸರು ಅದರಾಗ ಐತೇನ ಅಂತ. ಇದ್ದರ ಗೊತ್ತಾತಲ್ಲ, ನೀ ನನ್ನ ಹಾಕು, ನಾ ನಿನ್ನ ಹಾಕ್ತೀನಿ.

ಇದರ ಬೇರು ಪ್ರಮೋಷನ್ ಲೆಕ್ಕದಾಗ ಐತಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಾಗ ವಿಜ್ಞಾನದ ಒಂದು ಪೇಪರಿಗೆ ಮೂಲ ಅಂಕ 8. ಒಬ್ಬರೇ ಬರದ್ರ ಪೂರಾ 8. ಇಬ್ಬರಿದ್ದರ ಒಬ್ಬೊಬ್ಬರಿಗೂ ಶೇ 70, ಅಂದ್ರ 5.6. ಇಬ್ಬರಿಗಿಂತ ಹೆಚ್ಚಾದ್ರ ಮೊದಲನೇ/ಪ್ರಧಾನ/ಕರೆಸ್ಪಾಂಡಿಂಗ್ (ಜರ್ನಲ್ ಜೋಡಿ ಪತ್ರವ್ಯವಹಾರ ಮಾಡೂ) ಲೇಖಕರಿಗೆ ಶೇ 70, ಉಳಿದ ಒಬ್ಬೊಬ್ಬರಿಗೂ ಶೇ 30. ಈ "ಒಬ್ಬೊಬ್ಬರಿಗೂ" ಅನ್ನೂದನ್ನ ಹಿಡೀರಿ. ಮೂರು ಮಂದಿ ಇದ್ದರೂ ಮೊದಲನೇಯವರಿಗೆ 5.6, ಇಪ್ಪತ್ತು ಮಂದಿ ಇದ್ದರೂ ಅಷ್ಟ. ಇಪ್ಪತ್ತು ಹೆಸರಾದ್ರ ಉಳಿದ ಹತ್ತೊಂಬತ್ತು ಮಂದಿಗೆ ತಲಾ 2.4, ಒಟ್ಟು 45.6. ಎಲ್ಲಾ ಕೂಡಿಸಿದ್ರ 8 ಅಂಕದ ಪೇಪರಿನಿಂದ 51.2 ಅಂಕ ಹೊರಗ ಬರ್ತಾವ! ಯಾರ ಕಿಸೆಯಿಂದನೂ ಏನೂ ಹೋಗೂದಿಲ್ಲ ಅಂದಮ್ಯಾಲ ಹೆಸರು ಕೊಡಾಕ ಯಾರು ಹಿಂದ ಮುಂದ ನೋಡ್ತಾರ?

2010ರ ನಿಯಮದಾಗ ಹಿಂಗಿರಲಿಲ್ಲ. ಮೊದಲ ಲೇಖಕರು ಮತ್ತ ಕರೆಸ್ಪಾಂಡಿಂಗ್ ಅಥವಾ ಮಾರ್ಗದರ್ಶಕರು ಸೇರಿ ಶೇ 60 ಹಂಚ್ಕೋಬೇಕಿತ್ತು, ಉಳಿದ ಶೇ 40 ಮಿಕ್ಕವರೆಲ್ಲರ ನಡುವ ಸಮಪಾಲು. ಒಂದು ಹೆಸರು ಹೆಚ್ಚಾದ್ರ ಉಳಿದವರ ಪಾಲು ಕಡಿಮಿ ಆಗ್ತಿತ್ತು. ಆಗೂ ಪುಕ್ಕಟೆ ಹೆಸರು ಇದ್ದವು ಬಿಡ್ರಿ, ಆದ್ರ ಕೊಡೂ ಮುಂದ ಒಂದು ಸಲ ವಿಚಾರ ಮಾಡ್ತಿದ್ರು.

ಸುಮ್ನೆ_ಒಬ್ಬ
ಅಷ್ಟೊಂದು ತಲೆ ಕೆಡಿಸಿಕೊಳ್ಳೋ ವಿಷಯನಾ ಇದು? ಎಚ್‌ಓಡಿ ಇಲ್ಲದೆ ಲ್ಯಾಬ್ ಇಲ್ಲ, ಫ್ರೀಜರ್ ಕೆಟ್ಟರೆ ರಿಪೇರಿ ಬಿಲ್ ಪಾಸ್ ಆಗಲ್ಲ. ನಾಳೆ ಥೀಸಿಸ್‌ಗೂ ಅವರ ಸಹಿನೇ ಬೇಕು. ಮೂರನೇ ಹೆಸರು ತಾನೇ, ಹಾಕಿ ಕೈ ತೊಳ್ಕೊಳಿ. ನಿಮ್ಮ ಮೊದಲ ಸ್ಥಾನಕ್ಕೆ ಯಾರೂ ಕೈ ಹಾಕಿಲ್ವಲ್ಲ.

ಸ್ಟೆತಾಸ್ಕೋಪ್
ಫ್ರೀಜರ್ ರಿಪೇರಿಗೆ ಕೃತಜ್ಞತೆ ಸಾಕು ಸ್ವಾಮಿ. ಮೆಡಿಕಲ್ ಜರ್ನಲ್‌ಗಳು ಪಾಲಿಸೋ ಐಸಿಎಂಜೆಇ (ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮದಲ್ಲಿ ನಾಲ್ಕು ಷರತ್ತಿವೆ. ಯೋಜನೆ, ದತ್ತಾಂಶ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಟ್ಟಿಯಾದ ಪಾಲು ಇರಬೇಕು. ಬರೆದಿರಬೇಕು, ಇಲ್ಲವೇ ವಿಷಯದ ಮಟ್ಟದಲ್ಲಿ ತಿದ್ದಿರಬೇಕು. ಪ್ರಕಟವಾಗೋ ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು: ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡೋ ಹೊಣೆ ಹೊತ್ತಿರಬೇಕು. ನಾಲ್ಕೂ ಬೇಕು, ಯಾವುದೋ ಒಂದಲ್ಲ. ಬರೀ ಹಣ ತಂದವರು, ಬರೀ ವಿಭಾಗದ ಮೇಲ್ವಿಚಾರಣೆ ಮಾಡಿದವರು ಲೇಖಕರಾಗಲ್ಲ ಅಂತ ಅದೇ ನಿಯಮ ಬಿಡಿಸಿ ಹೇಳುತ್ತೆ.

ಈಗ ನಿಮ್ಮ ಅಸಿಸ್ಟೆಂಟ್ ವಿಷಯ, ಮಳೆ ಮೇಡಂ. "ಅವನು ಬರೆದಿಲ್ಲ, ಹಾಗಾಗಿ ಲೇಖಕ ಅಲ್ಲ" ಅಂತ ನಿಮ್ಮ ಗೈಡ್ ಹೇಳ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಅದಕ್ಕೂ ಉತ್ತರ ಅಲ್ಲೇ ಇದೆ. ಮೊದಲ ಷರತ್ತು ಪೂರೈಸಿದ ಎಲ್ಲರಿಗೂ ಡ್ರಾಫ್ಟ್ ಓದಿ ತಿದ್ದೋ, ಒಪ್ಪಿಗೆ ಕೊಡೋ ಅವಕಾಶ ಕೊಡಲೇಬೇಕು. ಅವಕಾಶವನ್ನೇ ಕೊಡದೆ, ಆಮೇಲೆ "ನೀನು ತಿದ್ದಿಲ್ಲವಲ್ಲ" ಅಂತ ಹೊರಗಿಡೋಕೆ ಈ ಷರತ್ತುಗಳನ್ನ ಬಳಸಬಾರದು. ಅವನಿಗೆ ಡ್ರಾಫ್ಟ್ ಕಳಿಸಿದ್ದೀರಾ?

ನಮ್ಮ ಕಡೆ ಹೆಸರಿಗಿಂತ ಸ್ಥಾನಕ್ಕೇ ಬಡಿದಾಟ ಜಾಸ್ತಿ. 2020ರಲ್ಲಿ ಎಂಸಿಐ (ಆಗಿನ ಭಾರತೀಯ ವೈದ್ಯಕೀಯ ಮಂಡಳಿ) ತಂದ ತಿದ್ದುಪಡಿಯಲ್ಲಿ ಪ್ರಮೋಷನ್‌ಗೆ ಲೆಕ್ಕ ಆಗೋದು ಮೊದಲ ಮೂವರು ಅಥವಾ ಕರೆಸ್ಪಾಂಡಿಂಗ್ ಲೇಖಕರು ಮಾತ್ರ. ನಾಲ್ಕನೆಯವನು ಎಷ್ಟೇ ರಾತ್ರಿ ವಾರ್ಡ್‌ನಲ್ಲಿ ಕೂತು ಡೇಟಾ ತುಂಬಿರಲಿ, ಕೈಗೆ ಸೊನ್ನೆ. ನಾಲ್ಕನೇ ಜಾಗಕ್ಕೆ ಪಿಜಿ ವಿದ್ಯಾರ್ಥಿ ಯಾಕೆ ಜಾರ್ತಾನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗಣಿತದ_ಮೇಷ್ಟ್ರು
ನಮ್ಮಲ್ಲಿ ಈ ರಾಮಾಯಣ ಕಡಿಮೆ. ಗಣಿತದಲ್ಲಿ ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿ ಬರುತ್ತವೆ. ಮೊದಲ ಲೇಖಕ ಅನ್ನೋ ಗೌರವವೇ ಇಲ್ಲ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 2004ರಲ್ಲಿ ಈ ಪದ್ಧತಿಯನ್ನ ಒಂದು ಹೇಳಿಕೆಯಾಗಿಯೇ ಬರೆದಿಟ್ಟಿದೆ. ತಮಾಷೆ ಏನೆಂದರೆ, ನಮ್ಮ ಸ್ಕ್ರೂಟಿನಿ ಕಮಿಟಿಯಲ್ಲಿ ಕೂತ ರಸಾಯನಶಾಸ್ತ್ರದವರು "ನೀವ್ಯಾಕೆ ಯಾವಾಗಲೂ ಕೊನೇಲಿ?" ಅಂತ ಕೇಳ್ತಾರೆ. ನನ್ನ ಹೆಸರು ವಿ ಅಕ್ಷರದಿಂದ ಶುರುವಾಗುತ್ತೆ ಸ್ವಾಮಿ, ಇನ್ನೇನು ಮಾಡಲಿ!

ಅಂದಮಾತ್ರಕ್ಕೆ ವರ್ಣಮಾಲೆ ಪೂರ್ತಿ ನ್ಯಾಯ ಅಂತಲೂ ಅಲ್ಲ. ಅರ್ಥಶಾಸ್ತ್ರದಲ್ಲೂ ಇದೇ ರೂಢಿ ಇತ್ತು. ಐನಾವ್ ಮತ್ತು ಯಾರಿವ್ ಅನ್ನೋ ಇಬ್ಬರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಮೇಲ್ದರ್ಜೆಯ ಅರ್ಥಶಾಸ್ತ್ರ ವಿಭಾಗಗಳಲ್ಲಿ ಕಾಯಂ ಹುದ್ದೆ ಸಿಗೋ ಸಾಧ್ಯತೆ ಕುಲನಾಮ ವರ್ಣಮಾಲೆಯಲ್ಲಿ ಮುಂದೆ ಇರೋರಿಗೆ ಜಾಸ್ತಿ. ವರ್ಣಮಾಲೆ ನಡೆಯದ ಮನೋವಿಜ್ಞಾನದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಅರ್ಥಶಾಸ್ತ್ರದವರನ್ನೇ ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞೆ ಹೀದರ್ ಸಾರ್ಸನ್ಸ್ ತೋರಿಸಿದ್ದು ಇನ್ನೂ ಕಹಿ. ಗಂಡಸರಿಗೆ ಜಂಟಿ ಪೇಪರ್‌ನಿಂದಲೂ ಒಂಟಿ ಪೇಪರ್‌ನಿಂದಲೂ ಹೆಚ್ಚುಕಡಿಮೆ ಒಂದೇ ಲಾಭ. ಹೆಂಗಸರಿಗೆ ಜಂಟಿ ಪೇಪರ್‌ನಿಂದ, ಅದರಲ್ಲೂ ಗಂಡಸರ ಜೊತೆ ಬರೆದಿದ್ದರಿಂದ, ಕಾಯಂ ಹುದ್ದೆಗೆ ಸಿಗೋ ಬಲ ಕಡಿಮೆ. ಕ್ರಮ ಏನೂ ಹೇಳದಿದ್ದಾಗ, ಕೆಲಸ ಯಾರದು ಅಂತ ಓದುವವನು ತನ್ನ ಊಹೆಯಿಂದ ತುಂಬಿಕೊಳ್ತಾನೆ.

ನೆಕ್ಕಾರ್_ದಂಡೆ
ಜರ್ಮನಿಯಲ್ಲಿ ಜೀವವಿಜ್ಞಾನದ ಪೋಸ್ಟ್‌ಡಾಕ್ ಮಾಡ್ತಿದ್ದೀನಿ. ನಮ್ಮಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬ್ ಮುಖ್ಯಸ್ಥರದು, ನಡುವಿನವರನ್ನ ದೇವರೇ ಕಾಪಾಡಬೇಕು. ಇಬ್ಬರು ಸಮಪಾಲು ಅಂದರೆ ಹೆಸರಿನ ಮೇಲೆ ನಕ್ಷತ್ರ ಹಾಕ್ತಾರೆ. ಆದರೆ ಬೇರೆಯವರು ಉಲ್ಲೇಖಿಸುವಾಗ "ಮೊದಲನೆಯವರು ಮತ್ತು ಇತರರು" ಅಂತಲೇ ಬರೆಯೋದು, ಎರಡನೇ ನಕ್ಷತ್ರ ಆ "ಇತರರು" ಒಳಗೆ ಮುಳುಗಿಹೋಗುತ್ತೆ.

ಗಾತ್ರ ವಿಪರೀತಕ್ಕೆ ಹೋದದ್ದು ಭೌತವಿಜ್ಞಾನದಲ್ಲಿ. 2015ರಲ್ಲಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಬರೆದ ಪೇಪರ್‌ಗೆ 5,154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. 2021ರಲ್ಲಿ ಕೋವಿಡ್ ಮತ್ತು ಶಸ್ತ್ರಚಿಕಿತ್ಸೆಯ ಒಂದು ಅಧ್ಯಯನ 15,025 ಜನರ ಹೆಸರಿಟ್ಟುಕೊಂಡು ಗಿನ್ನೆಸ್ ದಾಖಲೆಗೇ ಹೋಯಿತು. ಅಷ್ಟು ಆಸ್ಪತ್ರೆಗಳವರು ರೋಗಿಗಳ ಮಾಹಿತಿ ಕೊಡದಿದ್ದರೆ ಆ ಅಧ್ಯಯನವೇ ಇಲ್ಲ, ಆದ್ದರಿಂದ ನಾನು ನಗಲ್ಲ. ಆದರೆ ಅಲ್ಲಿ "ಲೇಖಕ" ಅನ್ನೋದು ಬರೆದವನು ಅಂತ ಅಲ್ಲ, ದುಡಿದವರ ಹಾಜರಿ ಪುಸ್ತಕ ಅಷ್ಟೇ.

ಮಳೆಯವರೇ, ನಿಮ್ಮ ಜರ್ನಲ್ ಕ್ರೆಡಿಟ್ ಟ್ಯಾಕ್ಸಾನಮಿ ಕೇಳುತ್ತಾ ನೋಡಿ. 14 ಪಾತ್ರಗಳ ಪಟ್ಟಿ ಅದು: ಪರಿಕಲ್ಪನೆ, ವಿಧಾನ, ಸಾಫ್ಟ್‌ವೇರ್, ಪ್ರಯೋಗ, ದತ್ತಾಂಶ ನಿರ್ವಹಣೆ, ಮೊದಲ ಕರಡು, ತಿದ್ದುಪಡಿ, ಮೇಲ್ವಿಚಾರಣೆ, ಹಣ ಹೊಂದಿಸಿದ್ದು ಇತ್ಯಾದಿ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು. ಸಬ್ಮಿಷನ್ ಪುಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ಪಾತ್ರ ಅಂತ ಟಿಕ್ ಹಾಕಬೇಕು. ಗೈಡ್ ಪಕ್ಕ ಕೂತು ಆ ಸ್ನೇಹಿತರ ಹೆಸರಿನ ಮುಂದೆ ಯಾವುದಕ್ಕೆ ಟಿಕ್ ಹಾಕಲಿ ಸರ್ ಅಂತ ವಿನಯವಾಗಿ ಕೇಳಿ. ಜಗಳ ಆಡೋ ಅಗತ್ಯವೇ ಬೀಳಲ್ಲ.

ಧಾರವಾಡ_ಪೇಡೆ
"ಮೇಲ್ವಿಚಾರಣೆ" ಅಂತ ಟಿಕ್ ಹೊಡೀತಾರ, ಮುಗೀತು. ಸುಳ್ಳು ಹೇಳಾಕ ಹದಿನಾಲ್ಕು ದಾರಿ ಆದ್ವು ಅಷ್ಟ.

ನೆಕ್ಕಾರ್_ದಂಡೆ
ಹೊಡೀಲಿ ರೀ. ಅಚ್ಚಾಗಿ ಶಾಶ್ವತವಾಗಿ ಉಳಿಯುತ್ತಲ್ಲ. ನಾಳೆ ಪೇಪರ್ ಹಿಂತೆಗೆದುಕೊಳ್ಳೋ ಪರಿಸ್ಥಿತಿ ಬಂದರೆ "ನನಗೇನೂ ಗೊತ್ತಿಲ್ಲ" ಅನ್ನೋ ಹಾಗಿಲ್ಲ.

ಹಳೇ_ಗ್ರಂಥಪಾಲಕ
ಹೆಸರಿನ ಜಗಳದ ಹಿಂದೆ ಎಣಿಕೆಯ ಜಗಳ ಇದೆ, ಅದನ್ನ ಯಾರೂ ಎತ್ತಲಿಲ್ಲ. ನಾನು ನಿವೃತ್ತ. ಸೈಟೇಷನ್ ಇಂಡೆಕ್ಸ್‌ನ ದಪ್ಪ ದಪ್ಪ ಸಂಪುಟಗಳನ್ನ ಕೈಯಾರೆ ಜೋಡಿಸಿದ ಕಾಲದವನು. ಸಣ್ಣ ಅಕ್ಷರ, ಭೂತಗನ್ನಡಿ ಇಲ್ಲದೆ ಓದಲಾಗುತ್ತಿರಲಿಲ್ಲ. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಅದನ್ನ ಶುರು ಮಾಡಿದ್ದು ಯಾವ ಲೇಖನ ಯಾವುದನ್ನ ಉಲ್ಲೇಖಿಸಿದೆ ಅಂತ ಹುಡುಕೋಕೆ. ಗ್ರಂಥಾಲಯದವರು ಯಾವ ಜರ್ನಲ್ ತರಿಸಬೇಕು ಅಂತ ತೂಗೋಕೆ ಇಂಪ್ಯಾಕ್ಟ್ ಫ್ಯಾಕ್ಟರ್ (ಐಎಫ್), ಅಂದರೆ ಒಂದು ಜರ್ನಲ್‌ನ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತೆ ಅನ್ನೋ ಸಂಖ್ಯೆ, ಬಳಸುತ್ತಿದ್ದೆವು. ಅದೇ ಸಂಖ್ಯೆಯಿಂದ ಮನುಷ್ಯರನ್ನ ತೂಗೋದು ಯಾವಾಗ ಶುರುವಾಯಿತೋ, ನಮ್ಮ ಕೌಂಟರ್ ಮುಂದೆ ಬರುವ ಮೇಷ್ಟ್ರುಗಳ ಪ್ರಶ್ನೆಯೂ ಬದಲಾಯಿತು. "ಈ ವಿಷಯದ ಮೇಲೆ ಏನಿದೆ?" ಅಂತ ಕೇಳುತ್ತಿದ್ದವರು "ಇದರ ಐಎಫ್ ಎಷ್ಟು?" ಅಂತ ಕೇಳತೊಡಗಿದರು.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್‌-ಇಂಡೆಕ್ಸ್ ತಂದರು. ಕನಿಷ್ಠ 20 ಸಲ ಉಲ್ಲೇಖಗೊಂಡ 20 ಲೇಖನ ನಿಮ್ಮದಿದ್ದರೆ ನಿಮ್ಮ ಎಚ್ 20. ಮೂರೇ ಲೇಖನ ಬರೆದು ಪ್ರತಿಯೊಂದಕ್ಕೂ 500 ಉಲ್ಲೇಖ ಬಂದಿದ್ದರೂ ನಿಮ್ಮ ಎಚ್ ಬರೀ 3. ಅದಿರಲಿ. ನಮ್ಮ ಚರ್ಚೆಗೆ ಬೇಕಾದ ದೋಷ ಬೇರೆ: ಎಷ್ಟು ಜನ ಬರೆದರು ಅನ್ನೋದು ಅದಕ್ಕೆ ಬೇಡವೇ ಬೇಡ. ಒಬ್ಬನೇ ಬರೆದ ಲೇಖನವೂ ಐದು ಸಾವಿರ ಜನರದ್ದೂ ಪ್ರತಿಯೊಬ್ಬರ ಲೆಕ್ಕಕ್ಕೂ ಇಡಿಯಾಗಿ ಒಂದು. ಯುಜಿಸಿ ಅಂಕದಲ್ಲಿ ಪೇಡೆಯವರು ತೋರಿಸಿದ ತೂತೇ ಇಲ್ಲೂ ಇದೆ.

ಈಗ ಪ್ರತಿ ವರ್ಷ "ವಿಶ್ವದ ಶೇ 2ರ ವಿಜ್ಞಾನಿಗಳು" ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಕಾಲೇಜು ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅದು ಸ್ಟ್ಯಾನ್‌ಫರ್ಡ್‌ನ ಇಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಅನ್ನೋ ಉಲ್ಲೇಖಗಳ ಡೇಟಾಬೇಸ್‌ನ ದತ್ತಾಂಶದಿಂದ ಮಾಡುವ ಪಟ್ಟಿ. ಅದರ ಅಂಕದಲ್ಲಿ ಆರು ಅಂಶಗಳಿವೆ. ಒಟ್ಟು ಉಲ್ಲೇಖ ಮತ್ತು ಎಚ್‌-ಇಂಡೆಕ್ಸ್ ಜೊತೆಗೆ ಸಹಲೇಖಕರ ಸಂಖ್ಯೆಯಿಂದ ತಗ್ಗಿಸಿದ ಇನ್ನೊಂದು ಎಚ್. ಆಮೇಲೆ ಒಂಟಿಯಾಗಿ ಬರೆದದ್ದು, ಒಂಟಿ ಅಥವಾ ಮೊದಲಿಗರಾಗಿದ್ದದ್ದು, ಒಂಟಿ, ಮೊದಲ ಅಥವಾ ಕೊನೆಯವರಾಗಿದ್ದದ್ದು, ಇವುಗಳ ಉಲ್ಲೇಖ. ನಡುವೆ ತೂರಿಕೊಂಡವರಿಗೆ ಕೊನೆಯ ಮೂರರಲ್ಲಿ ಏನೂ ಗಿಟ್ಟಲ್ಲ. ಎಚ್‌-ಇಂಡೆಕ್ಸ್‌ಗಿಂತ ಇದು ಎಷ್ಟೋ ಮೇಲು. ಆದರೆ ಪಟ್ಟಿ ಎರಡಿವೆ, ಇಡೀ ವೃತ್ತಿಜೀವನದ್ದು ಮತ್ತು ಒಂದೇ ವರ್ಷದ್ದು. ಫ್ಲೆಕ್ಸ್‌ನಲ್ಲಿ ಯಾವುದು ಅಂತ ಬರೆದಿದ್ದನ್ನ ನಾನು ನೋಡಿಲ್ಲ. ಇದೇ ಇಯೊನಿಡಿಸ್ 2018ರಲ್ಲಿ ವರ್ಷಕ್ಕೆ 72ಕ್ಕಿಂತ ಹೆಚ್ಚು ಪೇಪರ್, ಅಂದರೆ ಐದು ದಿನಕ್ಕೊಂದು, ಹೊರತರುವವರ ಪಟ್ಟಿಯನ್ನೂ ಮಾಡಿದ್ದರು. ಅದಕ್ಕೆ ಯಾರೂ ಫ್ಲೆಕ್ಸ್ ಕಟ್ಟಲಿಲ್ಲ.

ಮಲೆನಾಡ_ಮಳೆ
ಗ್ರಂಥಪಾಲಕ ಸರ್, ನಮ್ಮ ವಿಭಾಗದ ಗೋಡೆಯಲ್ಲೂ ಒಂದು ಫ್ಲೆಕ್ಸ್ ಇದೆ, ಯಾರದ್ದು ಅಂತ ಹೇಳಲ್ಲ. 🙂 ಸ್ಟೆತಾಸ್ಕೋಪ್ ಸರ್, ಡ್ರಾಫ್ಟ್ ಅವನಿಗೆ ಕಳಿಸಿರಲಿಲ್ಲ, ಇವತ್ತೇ ಕಳಿಸ್ತೀನಿ.

ಸುಮ್ನೆ_ಒಬ್ಬ
ದೊಡ್ಡವರ ಹೆಸರು ಇದ್ದರೆ ಪೇಪರ್‌ಗೂ ತೂಕ ಬರುತ್ತಲ್ಲ? ರಾಮನ್ ಪರಿಣಾಮ ಅಂತಾರೆ, ಕೃಷ್ಣನ್ ಪರಿಣಾಮ ಅಂತ ಯಾರು ಅಂದರು? ಲೋಕವೇ ಹಾಗೆ.

ಮಲ್ಲೇಶ್ವರದ_ತಾತ
ಕೃಷ್ಣನ್ ಅವರನ್ನ ಎಳೆದು ತಂದಿರಿ, ಹಾಗಾದರೆ ಪೂರ್ತಿ ಕೇಳಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಇಬ್ಬರ ಹೆಸರಲ್ಲೂ ಟಿಪ್ಪಣಿ ನೇಚರ್ ಪತ್ರಿಕೆಯಲ್ಲಿ ಬಂದದ್ದು 1928ರ ಮಾರ್ಚ್ 31ರಂದು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 16ರಂದು, ರಾಮನ್ ಕಲ್ಕತ್ತೆಯಿಂದ ನಮ್ಮ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಶೋಧವನ್ನ ವಿವರವಾಗಿ ಹೇಳಿದರು. ಆ ಉಪನ್ಯಾಸ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾದಾಗ ಲೇಖಕರು ರಾಮನ್ ಒಬ್ಬರೇ, ಕೃಷ್ಣನ್ ಅವರ ನೆರವನ್ನ ಒಳಗೆ ನೆನೆದಿದ್ದಾರೆ. ಒಂದೇ ಶೋಧ, ಒಂದು ಕಡೆ ಲೇಖಕ, ಇನ್ನೊಂದು ಕಡೆ ಕೃತಜ್ಞತೆ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಯಾರಿಗೆ ಎಷ್ಟು ಸಲ್ಲಬೇಕಿತ್ತು ಅಂತ ತೊಂಬತ್ತು ವರ್ಷ ದಾಟಿದರೂ ಮಾತು ಮುಗಿದಿಲ್ಲ. ಆದರೆ ಇವತ್ತು ನೀವು ಕೃಷ್ಣನ್ ಹೆಸರು ಎತ್ತೋಕೆ ಆದದ್ದು ಆ ನೇಚರ್ ಟಿಪ್ಪಣಿಯಲ್ಲಿ ಅವರ ಹೆಸರು ಇದ್ದದ್ದರಿಂದ ಕೂಡ. ಈ ಹುಡುಗಿಯ ಅಸಿಸ್ಟೆಂಟ್‌ಗೆ ಅದೂ ಸಿಗದ ಹಾಗಿದೆ.

ರಾಮನ್ ಅವರ ಬೆಂಗಳೂರಿನ ಪ್ರಯೋಗಾಲಯದಲ್ಲೇ ಇನ್ನೊಂದು ಕತೆ. ಭೌತವಿಜ್ಞಾನಿ ಅಣ್ಣಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿಯನ್ನ (ಬೆಳಕು ಬಿದ್ದಾಗ ತಾನೂ ಬೆಳಕು ಸೂಸೋ ಗುಣ) ಅಭ್ಯಾಸ ಮಾಡಿದರು. ಒಂದೊಂದು ಫೋಟೋ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಹಿಡಿಯಬೇಕು, ರಾತ್ರಿಯೆಲ್ಲ ಅಲ್ಲೇ. 1942ರಿಂದ 45ರೊಳಗೆ ಐದು ಲೇಖನ ಬಂದವು, ಐದಕ್ಕೂ ಅವರೊಬ್ಬರೇ ಲೇಖಕಿ. ರಾಮನ್ ತಮ್ಮ ಹೆಸರು ಸೇರಿಸಲಿಲ್ಲ, ಇದನ್ನ ಇವತ್ತಿನ ಗೈಡ್‌ಗಳು ಓದಬೇಕು. 1945ರಲ್ಲಿ ಪ್ರಬಂಧವನ್ನ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರೆ, ಎಂ.ಎಸ್ಸಿ. ಇಲ್ಲ ಅಂತ ಪಿಎಚ್‌ಡಿ ಕೊಡಲಿಲ್ಲ. ಲೇಖನ ಇತ್ತು, ಹೆಸರಿತ್ತು, ಪದವಿ ಇಲ್ಲ. ಈಗ ಪದವಿ ಇದೆ, ಪೇಪರ್ ಇದೆ, ಯಾರು ಬರೆದರು ಅಂತ ಕೇಳಬಾರದು.

ಗಣಿತದ_ಮೇಷ್ಟ್ರು
ತಾತ, ನಿಮಗೆ ಬೆಕ್ಕಿನ ಕತೆ ಗೊತ್ತಾ? 1975ರಲ್ಲಿ ಜಾಕ್ ಹೆದರಿಂಗ್ಟನ್ ಅನ್ನೋ ಅಮೆರಿಕದ ಭೌತವಿಜ್ಞಾನಿ ಒಬ್ಬನೇ ಬರೆದ ಪೇಪರ್ ತುಂಬಾ "ನಾವು" ಅಂತ ಟೈಪ್ ಮಾಡಿಬಿಟ್ಟಿದ್ದ. ಒಬ್ಬನೇ ಲೇಖಕ ಆದರೆ ಜರ್ನಲ್‌ನವರು ಹಾಗೆ ಒಪ್ಪಲ್ಲ ಅಂತ ಸಹೋದ್ಯೋಗಿ ಹೇಳಿದ. ಟೈಪ್‌ರೈಟರ್ ಕಾಲ, ಮತ್ತೆ ಪೂರ್ತಿ ಯಾರು ಹೊಡೀತಾರೆ? ಸಾಕಿದ ಬೆಕ್ಕು ಚೆಸ್ಟರ್‌ಗೆ ಎಫ್.ಡಿ.ಸಿ. ವಿಲ್ಲಾರ್ಡ್ ಅಂತ ನಾಮಕರಣ ಮಾಡಿ ಸಹಲೇಖಕ ಮಾಡಿದ. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚಾಯಿತು. 1980ರಲ್ಲಿ ಅದೇ ಬೆಕ್ಕಿನ ಹೆಸರಲ್ಲಿ ಫ್ರೆಂಚ್‌ನಲ್ಲಿ ಒಂದು ಒಂಟಿ ಲೇಖನವೂ ಬಂತು. ನಮ್ಮ ಯುಜಿಸಿ ಪ್ರಕಾರ ಬೆಕ್ಕಿಗೆ ಮೊದಲ ಪೇಪರ್‌ನಲ್ಲಿ ಶೇ 70.

ಧಾರವಾಡ_ಪೇಡೆ
ಬೆಕ್ಕು ಅಸೋಸಿಯೇಟ್ ಪ್ರೊಫೆಸರ್ ಆಗಾಕ ಇನ್ನ ಅಂಕ ಬೇಕ್ರಿ ಸರ್.

ಪಡಿಯಚ್ಚು
ಇಷ್ಟು ಹೊತ್ತು ಎಲ್ಲ ಲ್ಯಾಬ್ ಮಾತೇ ಆಯಿತು, ನಮ್ಮ ಕಡೆಯದೂ ಸ್ವಲ್ಪ ಕೇಳಿ. ಶಾಸನ ಓದೋ ಕೆಲಸ ನನ್ನದು. ಒಂದು ಹೊಸ ಶಾಸನ ಸಿಕ್ಕಿತು ಅಂದರೆ ಅದನ್ನ ಮೊದಲು ಕಂಡವನು ಸಾಮಾನ್ಯವಾಗಿ ಆ ಊರಿನ ರೈತ ಅಥವಾ ಶಾಲೆ ಮೇಷ್ಟ್ರು. ಆಮೇಲೆ ಪಡಿಯಚ್ಚು ತೆಗೆಯೋರು ಬರ್ತಾರೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಯೊಳಗೆ ಕಾಗದ ಇಳಿಯೋ ಹಾಗೆ ಬ್ರಷ್‌ನಿಂದ ಬಡಿದು, ಹದವಾಗಿ ಒಣಗಿದ ಮೇಲೆ ಮಸಿ ಒತ್ತಬೇಕು. ಬೇಗ ಒತ್ತಿದರೆ ಮಸಿ ಗುಳಿಗೂ ಹರಡುತ್ತೆ, ತಡವಾದರೆ ಕಾಗದ ಕಲ್ಲು ಬಿಟ್ಟು ಏಳುತ್ತೆ. ಸವೆದ ಕಲ್ಲಲ್ಲಿ ಒಂದು ದೀರ್ಘ ಇದೆಯೋ ಇಲ್ಲವೋ ಅನ್ನೋದು ಆ ಕೈಯ ಮೇಲೆ ನಿಂತಿರುತ್ತೆ. ಲೇಖನದಲ್ಲಿ ಅವರ ಹೆಸರು? ಪುಣ್ಯ ಇದ್ದರೆ ಅಡಿಟಿಪ್ಪಣಿ.

ಎಣಿಕೆಯ ವಿಷಯಕ್ಕೆ ಬಂದರೆ ನಾವು ಲೆಕ್ಕದಲ್ಲೇ ಇಲ್ಲ. ಕನ್ನಡದಲ್ಲಿ ಬರೆದ ಶಾಸನ ಲೇಖನವನ್ನ ಕನ್ನಡದ ಇನ್ನೊಂದು ಪುಸ್ತಕ ನೂರು ಸಲ ಉಲ್ಲೇಖಿಸಿದರೂ ಸ್ಕೋಪಸ್ ಕಣ್ಣಿಗೆ ಅದು ಬೀಳಲ್ಲ. ನಮ್ಮ ನಡುವೆ ಎಲ್ಲರೂ "ಗುರುಗಳೇ" ಅಂತ ಕರೆಯೋ ಹಿರಿಯರೊಬ್ಬರ ಎಚ್‌-ಇಂಡೆಕ್ಸ್ ಹುಡುಕಿದರೆ ಸೊನ್ನೆ ಬರುತ್ತೆ. ಯುಜಿಸಿ ಕೇರ್ ಪಟ್ಟಿ ಅಂತ ಒಪ್ಪಿತ ಪತ್ರಿಕೆಗಳದ್ದೊಂದಿತ್ತು, ಅದರಲ್ಲಿ ಭಾರತೀಯ ಭಾಷೆಯ ಕೆಲವು ಪತ್ರಿಕೆಗಳಿಗಾದರೂ ಜಾಗ ಇತ್ತು. 2025ರಲ್ಲಿ ಅದನ್ನೂ ನಿಲ್ಲಿಸಿದರು. ಇನ್ನು ಗುಣಮಟ್ಟ ಆಯಾ ಸಂಸ್ಥೆಯೇ ನೋಡಿಕೊಳ್ಳಬೇಕಂತೆ. ನನ್ನ ಮಟ್ಟಿಗೆ ಇದು ಒಳ್ಳೆಯದೇ, ಕಮಿಟಿಯವರು ಲೇಖನವನ್ನ ಕೂತು ಓದೋದಾದರೆ.

ಹಳೇ_ಗ್ರಂಥಪಾಲಕ
ಓದೋದಾದರೆ! ಲೇಖನ ಬಿಡಿಸಿ ನೋಡಿದ ಕಮಿಟಿಯನ್ನ ನನ್ನ ಸರ್ವೀಸ್‌ನಲ್ಲಿ ಕಂಡದ್ದು ಅಪರೂಪ. ಉಳಿದವರು ಝೆರಾಕ್ಸ್ ಎಣಿಸುತ್ತಿದ್ದರು.

ಹಾಸ್ಟೆಲ್_ರೂಮು
ಮಧ್ಯೆ ಒಂದು ಡೌಟು. ಚಾಟ್‌ಜಿಪಿಟಿ ನನ್ನ ಇಂಗ್ಲಿಷ್ ಎಲ್ಲ ತಿದ್ದಿಕೊಟ್ಟಿದೆ. ಅದರ ಹೆಸರು ಎಲ್ಲಿ ಹಾಕೋದು?

ಸ್ಟೆತಾಸ್ಕೋಪ್
ಲೇಖಕರ ಪಟ್ಟಿಯಲ್ಲಿ ಅಲ್ಲ. 2023ರ ಶುರುವಿನಲ್ಲಿ ಕೆಲವರು ಹಾಕಿದರು, ಅದೇ ವರ್ಷ ದೊಡ್ಡ ಜರ್ನಲ್‌ಗಳೂ ಐಸಿಎಂಜೆಇಯೂ ಬೇಡ ಅಂದವು. ಕಾರಣ ಅದೇ ನಾಲ್ಕನೇ ಷರತ್ತು, ಅದು ಯಾವುದಕ್ಕೂ ಹೊಣೆ ಹೊರೋಕೆ ಆಗಲ್ಲ. ಬಳಸಿದ್ದನ್ನ ಮುಚ್ಚಿಡಬೇಡಿ, ಎಲ್ಲಿ ತಿಳಿಸಬೇಕು ಅಂತ ಜರ್ನಲ್ ಸೂಚನೆಯಲ್ಲಿ ಇರುತ್ತೆ.

ಮಲೆನಾಡ_ಮಳೆ
ನಡೆದದ್ದು ಹೇಳಿಬಿಡ್ತೀನಿ. ಡ್ರಾಫ್ಟ್ ಅಸಿಸ್ಟೆಂಟ್‌ಗೆ ಕಳಿಸಿದೆ. ಇಂಗ್ಲಿಷ್ ಬಗ್ಗೆ ಏನೂ ಹೇಳಲಿಲ್ಲ, ಆದರೆ ಒಂದು ಟೇಬಲ್ ಮೇಲೆ ಬೆರಳಿಟ್ಟ. ಬೇರೆ ಬೇರೆ ಊರು ಅಂತ ನಾವು ಬೇರೆಬೇರೆಯಾಗಿ ಎಣಿಸಿದ ಎರಡು ಗದ್ದೆಗಳಿಗೆ ಬೀಜ ಹೋಗಿದ್ದು ಒಬ್ಬನೇ ರೈತನ ಮನೆಯಿಂದ. ಅವನಿಗೆ ಗೊತ್ತಿತ್ತು, ಯಾಕೆಂದರೆ ಎಲೆ ಕೀಳೋವಾಗ ಗದ್ದೆಯವರ ಜೊತೆ ಮಾತಾಡಿದ್ದು ಅವನೇ. ವಿಶ್ಲೇಷಣೆಯ ಒಂದು ಭಾಗ ಮತ್ತೆ ಮಾಡಬೇಕಾಯಿತು. ಅವನ ಕಾಮೆಂಟನ್ನ ಹಾಗೇ ಗೈಡ್‌ಗೆ ಫಾರ್ವರ್ಡ್ ಮಾಡಿ, ಸರ್ ಇವನ ಹೆಸರು ಎಲ್ಲಿ ಹಾಕಲಿ ಅಂತ ಕೇಳಿದೆ. ಒಂದು ಇಡೀ ದಿನ ಉತ್ತರ ಇಲ್ಲ. ಆಮೇಲೆ "ಎರಡನೇದು" ಅಂತ ಒಂದೇ ಪದ ಬಂತು.

ಪಾತ್ರಗಳ ಟಿಕ್ ಪುಟ ತೆರೆದಾಗ ಸ್ನೇಹಿತರ ಹೆಸರನ್ನ ಗೈಡ್ ತಾವೇ ಬಿಟ್ಟರು, ಮುಂದಿನ ಪೇಪರ್‌ಗೆ ನೋಡೋಣ ಅಂದರು. ಎಚ್‌ಓಡಿ ಹೆಸರು ಹಾಗೇ ಇದೆ. ಅವರ ಮುಂದೆ "ಸಂಪನ್ಮೂಲ" ಅಂತ ಟಿಕ್ ಬಿದ್ದಿದೆ.

ಸುಮ್ನೆ_ಒಬ್ಬ
ನಾನು ಹೇಳಲಿಲ್ವಾ, ಎಚ್‌ಓಡಿ ಎಲ್ಲೂ ಹೋಗಲ್ಲ.

ಧಾರವಾಡ_ಪೇಡೆ
ಹುಡುಗ ಎರಡನೇದಕ್ಕ ಬಂದ, ಅದು ಸಣ್ಣ ಮಾತಲ್ಲ. ತಂಗಿ, ಮುಂದಿನ ಪೇಪರಿನ ಹೆಸರು ಈಗಲೇ, ಕೆಲಸ ಶುರುವಾಗೂ ಮುಂಚೆ, ಮೇಲ್‌ನಾಗ ಬರೆದು ಕಳಿಸ್ರಿ. "ಸರ್, ಹಿಂಗ ಅಂದ್ಕೊಂಡೀನಿ, ಕೆಲಸ ಬದಲಾದ್ರ ಕ್ರಮಾನೂ ಬದಲ ಮಾಡೋಣ" ಅಂತ. ಬಾಯಿಮಾತಿನ ಮ್ಯಾಲ ಬಿಡಬ್ಯಾಡ್ರಿ. ಮತ್ತ ಥೀಸಿಸ್ ಸಲ್ಲಿಸಾಕ ಪೇಪರ್ ಕಡ್ಡಾಯ ಅನ್ನೂದನ್ನ ಯುಜಿಸಿ 2022ರ ನಿಯಮದಾಗ ಕೈಬಿಟ್ಟೈತಿ. ನಿಮ್ಮ ವಿವಿ ತನ್ನದ ನಿಯಮ ಇಟ್ಕೊಂಡೈತೇನ ಕೇಳ್ಕೊರಿ, ಸುಮ್ಮನ ಹೆದರಿಕೊಂಡು ಹೆಸರು ಹಂಚಬ್ಯಾಡ್ರಿ.

ಮಲೆನಾಡ_ಮಳೆ
ಸರಿ ಅಣ್ಣ, ಹಾಗೇ ಮಾಡ್ತೀನಿ. ಕೊನೆಯದಾಗಿ, ಹುಡುಗನಿಗೆ ಕುಲನಾಮ ಇಲ್ಲ. ಆಧಾರ್‌ನಲ್ಲಿ ಹೆಸರು, ಜೊತೆಗೆ ಎರಡು ಇನಿಶಿಯಲ್. ಫಾರ್ಮ್‌ನಲ್ಲಿ ಕೊನೆಯ ಹೆಸರು ಖಾಲಿ ಬಿಟ್ಟರೆ ಮುಂದೆ ಹೋಗ್ತಿಲ್ಲ.

ಹಳೇ_ಗ್ರಂಥಪಾಲಕ
ನಮ್ಮ ಕಡೆಯವರದ್ದೆಲ್ಲ ಇದೇ ಗೋಳು ಮಗಳೇ. ಒಂದು ಪೇಪರ್‌ನಲ್ಲಿ ಊರಿನ ಇನಿಶಿಯಲ್ ಕುಲನಾಮ ಆಗುತ್ತೆ, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಅವನದೇ ಹೆಸರು. ಹತ್ತು ವರ್ಷ ಆದಮೇಲೆ ನೋಡಿದರೆ ಒಬ್ಬನೇ ಮನುಷ್ಯ ಡೇಟಾಬೇಸ್‌ನಲ್ಲಿ ಮೂರು ಜನ, ಅವನ ಉಲ್ಲೇಖಗಳೂ ಮೂರು ಪಾಲು. ಕೊನೆಯ ಹೆಸರಿನ ಜಾಗದಲ್ಲಿ ಅವನ ಸ್ವಂತ ಹೆಸರು, ಮೊದಲ ಹೆಸರಿನ ಜಾಗದಲ್ಲಿ ಇನಿಶಿಯಲ್ ಹಾಕಿಸಿ, ಮುಂದೆಯೂ ಹಾಗೇ ಬರೆಯೋಕೆ ಹೇಳಿ. ಇವತ್ತೇ ಆರ್ಕಿಡ್ ಐಡಿ ಮಾಡಿಸಿ. ಸಂಶೋಧಕರ 16 ಅಂಕೆಯ ಗುರುತಿನ ಸಂಖ್ಯೆ ಅದು, ಪುಕ್ಕಟೆ. ಕೆಲಸ ಬದಲಾದರೂ ಹೆಸರು ಬದಲಾದರೂ ಜೊತೆಗೇ ಇರುತ್ತೆ. ಆದರೆ ಅದಕ್ಕೆ ಕಾಲೇಜಿನ ಮೇಲ್ ಒಂದನ್ನೇ ಕೊಡಬೇಡಿ. ಪ್ರಾಜೆಕ್ಟ್ ಮುಗಿದ ತಿಂಗಳೇ ಅದನ್ನ ಬಂದ್ ಮಾಡ್ತಾರೆ. ಅವನ ಸ್ವಂತ ಮೇಲ್ ಕೂಡ ಸೇರಿಸಿ.